ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಶಾಸನ, ಹಳಗನ್ನಡ, ಆಗಮ

ಈ ಸಲದ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕನ್ನಡ ಮತ್ತು ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳದ್ದು. ಒಂದೇ ಬಗೆಯವನ್ನು ಸೇರಿಸಿ, ಉದ್ದದ್ದನ್ನು ಕತ್ತರಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಕಲಿತಿದ್ದೇವೆ. ಆತಕೂರು ಶಾಸನದಲ್ಲಿ ಶಕ 872 ಅಂತ ಇದೆ, ಕೂಡಿಸಿದರೆ 950. ಪುಸ್ತಕಗಳಲ್ಲಿ ಮಾತ್ರ 949–50 ಎಂದು ಹಾಕಿರುತ್ತಾರೆ. ಒಂದು ವರ್ಷ ಎಲ್ಲಿ ಹೋಯಿತು?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಲ್ಲಿಗೂ ಹೋಗಿಲ್ಲ, ಶಾಸನದೊಳಗೇ ಕೂತಿದೆ. ಶಕವರ್ಷವನ್ನು ಎರಡು ರೀತಿಯಲ್ಲಿ ಎಣಿಸುತ್ತಿದ್ದರು. ಕಳೆದುಹೋದ ವರ್ಷಗಳನ್ನಷ್ಟೇ ಎಣಿಸಿದರೆ ಅದು ಗತಶಕ. ನಡೆಯುತ್ತಿರುವ ವರ್ಷವನ್ನೂ ಸೇರಿಸಿಕೊಂಡರೆ ವರ್ತಮಾನ ಶಕ. ಮಗುವಿಗೆ ಐದು ತುಂಬಿತು ಅನ್ನುವುದಕ್ಕೂ ಆರಕ್ಕೆ ಬಿತ್ತು ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ. 78 ಕೂಡಿಸುವ ಸೂತ್ರ ಗತಶಕಕ್ಕೆ. ವರ್ತಮಾನವಾದರೆ 77.

ಯಾವುದು ಯಾವುದೆಂದು ಶಾಸನದ ಮಾತಿನಿಂದಲೇ ತೀರ್ಮಾನಿಸಹೋದರೆ ಮೋಸಹೋಗುತ್ತೀರಿ. ಆತಕೂರಿನ ಸಾಲು ನೋಡಿ: ‘ಸಕನೃಪಕಾಲಾತೀತ ಸಂವತ್ಸರಸತಂಗಳ್ ಎಣ್ಟುನೂಱೆೞ್ಪತ್ತೆರಡನೆಯ ಸೌಮ್ಯಮೆಂಬ ಸಂವತ್ಸರಂ ಪ್ರವರ್ತಿಸೆ’. ‘ಅತೀತ’ ಅಂದರೆ ಕಳೆದದ್ದು. ‘ಎರಡನೆಯ’ ಅಂದರೆ ನಡೆಯುತ್ತಿರುವುದು. ಒಂದೇ ಉಸಿರಿನಲ್ಲಿ ಎರಡೂ ಇವೆ. ‘ಶಕನೃಪಕಾಲಾತೀತ’ ಎನ್ನುವುದು ಆ ಕಾಲದ ಬರಹಗಾರರಿಗೆ ಬಾಯಿಪಾಠವಾಗಿದ್ದ ಒಕ್ಕಣೆ, ಇವತ್ತಿನ ಅರ್ಜಿಯಲ್ಲಿ ‘ಈ ಮೂಲಕ ಕೋರಿಕೊಳ್ಳುವುದೇನೆಂದರೆ’ ಇದ್ದ ಹಾಗೆ. ಅದರ ಮೇಲೆ ಭಾರ ಹಾಕಬಾರದು.

ಸಾಕ್ಷಿಗೆ ಕರೆಯಬೇಕಾದದ್ದು ಸಂವತ್ಸರವನ್ನು, ಅಂದರೆ ಪ್ರಭವದಿಂದ ಅಕ್ಷಯದವರೆಗೆ ಅರವತ್ತರ ಸುತ್ತಿನಲ್ಲಿ ಬರುವ ವರ್ಷದ ಹೆಸರನ್ನು. ಗತಶಕಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ 0 ಬಂದರೆ ಅಕ್ಷಯ. ಮನೆಯ ಪಂಚಾಂಗದಲ್ಲೇ ಪರೀಕ್ಷಿಸಿ: 2023ರ ಯುಗಾದಿಗೆ ಶಕ 1945. 12 ಕೂಡಿಸಿದರೆ 1957, ಶೇಷ 37, ಶೋಭಕೃತ್. ಸರಿಯಾಯಿತು. ಈಗ ಪಂಪನ ಆದಿಪುರಾಣಕ್ಕೆ ಹೋಗಿ: ಶಕ 863, ಪ್ಲವ. 875ಕ್ಕೆ ಶೇಷ 35, ಪ್ಲವವೇ. ರನ್ನನ ಅಜಿತಪುರಾಣ ಶಕ 915, ವಿಜಯ. 927ಕ್ಕೆ ಶೇಷ 27, ವಿಜಯವೇ. ಎರಡೂ ಗತಶಕ, ಹಾಗಾಗಿ 941, 993. ಆತಕೂರಿಗೆ ಬನ್ನಿ: 872ಕ್ಕೆ 12 ಸೇರಿ 884, ಶೇಷ 44. ನಲವತ್ತನಾಲ್ಕನೆಯದು ಸಾಧಾರಣ, ಶಾಸನ ಹೇಳುವ ಸೌಮ್ಯ ನಲವತ್ತಮೂರನೆಯದು. ಒಂದು ಹಿಂದೆ. ಅಂದರೆ ಶಾಸನದ 872 ವರ್ತಮಾನ ಶಕ, ಗತ 871, ಆದ್ದರಿಂದ 949ರ ಯುಗಾದಿಯಿಂದ 950ರ ಯುಗಾದಿಯವರೆಗೆ.

ಇನ್ನೊಂದು ತೊಡಕು ತಿಂಗಳಿನದು. ಶಕವರ್ಷ ಚೈತ್ರದಲ್ಲಿ ಶುರು, ಇಂಗ್ಲಿಷ್ ವರ್ಷ ಜನವರಿಯಲ್ಲಿ. ಪುಷ್ಯ–ಮಾಘಗಳ ಆಸುಪಾಸಿನಲ್ಲಿ ಇಂಗ್ಲಿಷ್ ವರ್ಷ ಮಗುಚಿಕೊಳ್ಳುತ್ತದೆ. ಫಾಲ್ಗುಣವಿದ್ದರೆ ಕಣ್ಣುಮುಚ್ಚಿ 79 ಕೂಡಿಸಿ. ಪುಷ್ಯ, ಮಾಘವಿದ್ದರೆ ತಿಥಿ ಹಿಡಿದು ಸ್ವಾಮಿಕಣ್ಣು ಪಿಳ್ಳೈಯವರ ‘ಇಂಡಿಯನ್ ಎಫೆಮೆರಿಸ್’ ಕೋಷ್ಟಕದಲ್ಲಿ ನೋಡಿ. ಇದನ್ನು ಮರೆತರೂ ಒಮ್ಮೊಮ್ಮೆ ಉತ್ತರ ಸರಿಬರುತ್ತದೆ, ಅದು ಇನ್ನೂ ಅಪಾಯ. ಚಾವುಂಡರಾಯ ಪುರಾಣದ ಕಾಲ ಶಕ 900, ಈಶ್ವರ ಸಂವತ್ಸರ, ಫಾಲ್ಗುಣ ಶುದ್ಧ ಅಷ್ಟಮಿ, ಸೋಮವಾರ. 900ಕ್ಕೆ 78 ಕೂಡಿಸಿ 978 ಎಂದು ಬರೆಯುವವರು ಬಹಳ. ಇಸವಿ ಸರಿ, ದಾರಿ ತಪ್ಪು. ಈಶ್ವರ ಹನ್ನೊಂದನೆಯದು, 900ನ್ನು ಗತವೆಂದು ಹಿಡಿದರೆ ಹನ್ನೆರಡನೆಯ ಬಹುಧಾನ್ಯ ಬರುತ್ತದೆ. ಹಾಗಾಗಿ ಇದು ವರ್ತಮಾನ, ಗತ 899. ತಿಂಗಳು ಫಾಲ್ಗುಣ, ಆದ್ದರಿಂದ 79 ಕೂಡಿಸಬೇಕು: 978. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದವು ಅಷ್ಟೆ. ಆ ದಿನ 978ರ ಫೆಬ್ರುವರಿ 18, ವಾರ ಲೆಕ್ಕ ಹಾಕಿದರೆ ಸೋಮವಾರವೇ ಬರುತ್ತದೆ.

ಈ ಶೇಷದ ಲೆಕ್ಕವನ್ನು ಹತ್ತನೆಯ ಶತಮಾನದಿಂದ ಈಚೆಗಿನ ಶಾಸನಗಳಿಗೆ ಮಾತ್ರ ಬಳಸಿ. ಅದಕ್ಕೂ ಹಿಂದೆ ಗುರುವಿನ ಗತಿ ಹಿಡಿದು ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರವನ್ನು ಬಿಟ್ಟುಬಿಡುವ ಪದ್ಧತಿ ಇತ್ತು. ಎಂಟು, ಒಂಬತ್ತನೆಯ ಶತಮಾನದ ಶಾಸನಕ್ಕೆ ಇದೇ ಸೂತ್ರ ಹಚ್ಚಿದರೆ ಹೊಂದುವುದಿಲ್ಲ, ಆಗ ಶಾಸನವನ್ನೇ ಖೊಟ್ಟಿ ಅನ್ನಬೇಡಿ.

ಇಷ್ಟು ಲೆಕ್ಕ ಹಾಕಿದ ಮೇಲೆ ಶಾಸನದ ಉಳಿದ ಭಾಗ ಓದದೆ ಪುಸ್ತಕ ಮುಚ್ಚಬೇಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು ಎಲ್ಲ ಬರುತ್ತವೆ ನಿಜ. ಆದರೆ ಕಲ್ಲು ನೆಟ್ಟದ್ದು ಒಂದು ನಾಯಿಗೆ. ಆ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಒಡೆಯ ಮೆಚ್ಚಿದೆನು ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿಯ ಪಾಪ ತಟ್ಟಲಿ ಎಂದು ಕೊನೆಯಲ್ಲಿ ಕಟ್ಟಳೆಯಿದೆ. ನಾಯಿಯೂ ಹಂದಿಯೂ ಹೋರಾಡುತ್ತಿರುವ ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಪ್ರಶ್ನೆ: ಐಹೊಳೆ ಶಾಸನದಲ್ಲಿ ಭಾರತಯುದ್ಧ ನಡೆದು 3735 ವರ್ಷವಾಯಿತು ಎಂದಿದೆಯಂತೆ. ಯುದ್ಧದ ಕಾಲ ನಿರ್ಣಯಕ್ಕೆ ಇದಕ್ಕಿಂತ ಆಧಾರ ಬೇಕೇ?
— ಬಿ.ಎ. ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಬೇಕು. ಮೊದಲು ಸಾಲನ್ನು ಬಿಡಿಸೋಣ. ಶಾಸನ ಬರೆದ ಕವಿ ರವಿಕೀರ್ತಿ ಸಂಖ್ಯೆಯನ್ನು ತುಂಡುತುಂಡಾಗಿ ಕೊಡುತ್ತಾನೆ: ‘ತ್ರಿಂಶತ್ಸು’ 30, ‘ತ್ರಿಸಹಸ್ರೇಷು’ 3000, ‘ಸಪ್ತಾಬ್ದಶತ’ 700, ‘ಪಂಚಸು’ 5. ಒಟ್ಟು 3735. ಮುಂದಿನ ಶ್ಲೋಕದಲ್ಲಿ ‘ಪಂಚಾಶತ್ಸು’ 50, ‘ಷಟ್ಸು’ 6, ‘ಪಂಚಶತಾಸು’ 500. ಒಟ್ಟು ಶಕ 556, ಅಂದರೆ ಕ್ರಿ.ಶ. 634. ಮೊದಲ ಶ್ಲೋಕದಲ್ಲಿ ಕಲ್ಲುಕುಟಿಗ ‘ಶತೇಷು’ ಎಂಬಂತೆ ಕೊರೆದಿರುವುದನ್ನು ಸಂಪಾದಕರು ‘ಗತೇಷು’ ಎಂದು ತಿದ್ದಿಕೊಂಡು ಓದುತ್ತಾರೆ. ‘ಶತೇಷು ಪಂಚಸು’ ಎಂದೇ ಹಿಡಿದರೆ 5 ಹೋಗಿ 500 ಬಂದು ಲೆಕ್ಕವೆಲ್ಲ ಕೆಡುತ್ತದೆ. ತಿದ್ದಿದ್ದು ಸರಿ ಎಂದು ಹೇಗೆ ಗೊತ್ತು? 3735ರಲ್ಲಿ 556 ಕಳೆಯಿರಿ: 3179. ಯಾವ ಪಂಚಾಂಗ ತೆಗೆದರೂ ಕಲಿವರ್ಷಕ್ಕೂ ಶಕವರ್ಷಕ್ಕೂ ಇರುವ ಅಂತರ ಇದೇ 3179. ಶಕ 1945ಕ್ಕೆ ಕಲಿ 5124.

ನಿಮ್ಮ ಪ್ರಶ್ನೆಯ ಉತ್ತರವೂ ಇಲ್ಲೇ ಇದೆ. ಎರಡು ಸಂಖ್ಯೆಗಳು ಎರಡು ಸಾಕ್ಷಿಗಳಲ್ಲ, ಒಂದೇ ಗಡಿಯಾರದ ಎರಡು ಮುಳ್ಳು. ಕಲಿಯುಗದ ಆರಂಭವನ್ನು ಜ್ಯೋತಿಷಿಗಳು ಗ್ರಹಗಣಿತಕ್ಕಾಗಿ ಕ್ರಿ.ಪೂ. 3102ಕ್ಕೆ ನಿಲ್ಲಿಸಿದ್ದರು, ರವಿಕೀರ್ತಿ ಆ ಗಣಿತವನ್ನು ಬಲ್ಲವನು, ಅದನ್ನು ಭಾರತಯುದ್ಧಕ್ಕೆ ಜೋಡಿಸಿ ಹೇಳಿದ. 634ರಲ್ಲಿ ಈ ಎಣಿಕೆ ಕರ್ನಾಟಕದಲ್ಲಿ ಬಳಕೆಯಲ್ಲಿತ್ತು ಎನ್ನುವುದಕ್ಕೆ ಶಾಸನ ಗಟ್ಟಿ ಆಧಾರ. ಅದಕ್ಕೂ ಮೂರೂಮುಕ್ಕಾಲು ಸಾವಿರ ವರ್ಷ ಹಿಂದಿನ ಘಟನೆಗೆ ಅಲ್ಲ.

ಶಾಸನ ನಿಜವಾಗಿ ಕೊಡುವ ದೊಡ್ಡ ಸಾಕ್ಷ್ಯ ಬೇರೆ ಇದೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ಅವರಿಬ್ಬರೂ 634ರ ಹೊತ್ತಿಗೆ ಹೆಸರಾಂತ ಕವಿಗಳು, ಅದಕ್ಕಿಂತ ಈಚಿನವರಲ್ಲ ಎಂದು ಇದರಿಂದ ಖಚಿತ. ಇದು ಇರುವುದು ಮೇಗುತಿ ಜಿನಾಲಯದ ಗೋಡೆಯ ಮೇಲೆ ಎನ್ನುವುದನ್ನೂ ಮರೆಯಬೇಡಿ. ಜಿನಾಲಯ ಕಟ್ಟಿಸಿದವನು ಕಾಲವನ್ನು ಭಾರತಯುದ್ಧದಿಂದ ಎಣಿಸುತ್ತಾನೆ. ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷ ಭಯದಿಂದ ಇಳಿದುಹೋಯಿತು ಎಂದು ಶ್ಲೇಷೆ ಕಟ್ಟುತ್ತಾನೆ. ಮತಕ್ಕೊಂದು ಇತಿಹಾಸ, ಮತಕ್ಕೊಂದು ಸಾಹಿತ್ಯ ಎಂದು ಗೆರೆ ಎಳೆದು ಓದುವ ಅಭ್ಯಾಸ ನಮ್ಮದು, ಅವರದಲ್ಲ.

ಪ್ರಶ್ನೆ: ಹಳಗನ್ನಡ ಪದ್ಯದಲ್ಲಿ ಪದ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಪ್ರಸ್ತಾರ ಹಾಕುವುದು ಪರೀಕ್ಷೆಯ ಅಂಕಕ್ಕೆ ಮಾತ್ರವೋ, ಓದಿಗೂ ಉಪಯೋಗವೋ?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಂಕ ಬರುವುದು ಉಪಲಾಭ. ಪ್ರಸ್ತಾರವೆಂದರೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತಿಸಿ ಸಾಲನ್ನು ಗಣಗಳಾಗಿ ಒಡೆಯುವುದು. ಎಲ್ಲರಿಗೂ ಬಾಯಿಗೆ ಬರುವ ಕವಿರಾಜಮಾರ್ಗದ ಪದ್ಯವನ್ನೇ ತೆಗೆದುಕೊಳ್ಳಿ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಳಯವಿಲೀನ ವಿಶದ ವಿಷಯವಿಶೇಷಂ

ಇದು ಕಂದ. ಮೊದಲ ಮತ್ತು ಮೂರನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಅಂದರೆ 12. ಎರಡು ಮತ್ತು ನಾಲ್ಕನೆಯದರಲ್ಲಿ ಐದು ಗಣ, 20. ಒಟ್ಟು 64 ಮಾತ್ರೆ. ಪೆನ್ಸಿಲ್ ಹಿಡಿದು ಮಾಡಿ: ಕಾವೇ | ರಿಯಿಂದ | ಮಾಗೋ. ಮುಂದಿನ ಸಾಲು: ದಾವರಿ | ವರಮಿರ್ | ದನಾಡ | ದಾಕನ್ | ನಡದೊಳ್. ಮೂರನೆಯದು: ಭಾವಿಸಿ | ದಜನಪ | ದಂವಸು. ನಾಲ್ಕನೆಯದು: ಧಾವಳ | ಯವಿಲೀ | ನವಿಶದ | ವಿಷಯವಿ | ಶೇಷಂ.

ಇನ್ನು ನಿಯಮಗಳನ್ನು ಇದರ ಮೇಲೆ ಇಟ್ಟು ನೋಡಿ. ಎರಡೆರಡು ಸಾಲು ಸೇರಿ ಎಂಟು ಗಣದ ಒಂದು ಅರ್ಧ. ಪ್ರತಿ ಅರ್ಧದಲ್ಲೂ 1, 3, 5, 7ನೆಯ ಗಣ ಜಗಣವಾಗಕೂಡದು, ಅಂದರೆ ಲಘು–ಗುರು–ಲಘು ಬರಕೂಡದು. ಆರನೆಯದು ಜಗಣವೇ ಆಗಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಅರ್ಧದ ಕೊನೆಯಕ್ಷರ ಗುರು. ಮೊದಲ ಅರ್ಧದ ಆರನೆಯ ಗಣ ‘ದನಾಡ’, ಜಗಣ. ಎರಡನೆಯ ಅರ್ಧದ ಆರನೆಯದು ‘ನವಿಶದ’, ನಾಲ್ಕೂ ಲಘು. ಒಂದೇ ಪದ್ಯದಲ್ಲಿ ಎರಡು ವಿಕಲ್ಪಗಳನ್ನೂ ಕವಿ ತೋರಿಸಿಬಿಟ್ಟಿದ್ದಾನೆ. ನಾಲ್ಕೂ ಲಘುವಾದಾಗ ಮೊದಲ ಲಘುವಿನ ಮೇಲೆ ಯತಿ (ನಿಲುಗಡೆ) ಬರಬೇಕು ಎನ್ನುತ್ತದೆ ಲಕ್ಷಣ. ಇಲ್ಲಿ ‘ವಿಲೀನ’ದ ‘ನ’ ಮುಗಿದು ‘ವಿಶದ’ ಶುರುವಾಗುವುದು ಸರಿಯಾಗಿ ಅಲ್ಲೇ.

ಈಗ ಪ್ರಾಸ. ಎರಡನೆಯ ಅಕ್ಷರ ನಾಲ್ಕೂ ಸಾಲಿನಲ್ಲಿ ‘ವ’ಕಾರ: ಕಾವೇ, ದಾವ, ಭಾವಿ, ಧಾವ. ಈ ಪ್ರಾಸವನ್ನು ಕಾಯಲೆಂದೇ ಗೋದಾವರಿಯನ್ನು ‘ಗೋ’ ಎಂದು ತುಂಡರಿಸಿ ಮೇಲಿನ ಸಾಲಿಗೆ ಬಿಟ್ಟದ್ದು. ವಸುಧೆಯೂ ‘ವಸು’, ‘ಧಾ’ ಎಂದು ಮುರಿದಿದೆ. ಇದೇ ನಿಮ್ಮ ತೊಂದರೆಯ ಮೂಲ. ನೀವು ಸಾಲು ಮುಗಿದಲ್ಲಿ ಪದ ಮುಗಿಯಿತು ಎಂದುಕೊಳ್ಳುತ್ತೀರಿ. ಸಾಲು ಮುಗಿಯುವುದು ಮಾತ್ರೆ ತುಂಬಿದಾಗ. ಕುಮಾರವ್ಯಾಸನಲ್ಲೂ ಇದೇ ಆಟ: ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಮೊದಲ ಸಾಲು ನಿಲ್ಲುತ್ತದೆ, ‘ಜೀವ ಪೀಠನ ಪಿತನೆ’ ಎಂದು ಎರಡನೆಯದು ಏಳುತ್ತದೆ. ರಾಜೀವ ಎರಡು ಸಾಲಿಗೆ ಹಂಚಿಹೋಗಿದೆ. ಅದು ಭಾಮಿನಿ ಷಟ್ಪದಿ. 3–4–3–4ರ 14 ಮಾತ್ರೆಯ ನಾಲ್ಕು ಸಾಲು, ಮೂರು ಮತ್ತು ಆರನೆಯದು ಮಾತ್ರ 3–4 ಮೂರು ಸಲ ಬಂದು ಮೇಲೊಂದು ಗುರು, 23 ಮಾತ್ರೆ.

ತಪ್ಪಾಗುವ ಜಾಗಗಳು ಹೆಚ್ಚಾಗಿ ಮೂರು. ಬರೆದ ಅಕ್ಷರದ ಆಕಾರ ನೋಡಿ ಎಣಿಸುವುದು: ‘ಮಿರ್ದ’ದಲ್ಲಿ ಒತ್ತು ‘ದ’ಕ್ಕಲ್ಲ, ಅದರ ಹಿಂದಿನ ‘ಮಿ’ಗೆ ಗುರುತ್ವ ಬರುತ್ತದೆ. ಎರಡನೆಯದು, ಷಟ್ಪದಿಯ ಮೂರು ಮತ್ತು ಆರನೆಯ ಸಾಲಿನ ಕೊನೆಯ ಲಘುವನ್ನು ಗುರುವೆಂದು ಹಿಡಿಯಲು ಮರೆಯುವುದು. ಮೂರನೆಯದು ಶಿಥಿಲದ್ವಿತ್ವ. ‘ಅಮರ್ದು’ ಎಂಬಲ್ಲಿ ರಕಾರ ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ‘ಮ’ ಲಘುವಾಗಿಯೇ ಉಳಿಯಬಹುದು. ಒಂದು ಮಾತ್ರೆ ಹೆಚ್ಚು ಬಂದು ಪದ್ಯ ಕೂಡದಿದ್ದರೆ ಕವಿ ಎಡವಿದ ಎನ್ನುವ ಮುಂಚೆ ಇಂಥ ರ್, ಳ್, ೞ್ ಒತ್ತುಗಳನ್ನು ಹುಡುಕಿ.

ಪ್ರಶ್ನೆ: ನಿಘಂಟು ಕೈಲಿದ್ದರೂ ಅರ್ಧ ಪದ ಸಿಗುವುದಿಲ್ಲ. ಏನು ಮಾಡಬೇಕು?
— ಪದವಿ ವಿದ್ಯಾರ್ಥಿ, ಚಾಮರಾಜನಗರ

ಉತ್ತರ: ನೀವು ಹುಡುಕುತ್ತಿರುವ ಕಾಗುಣಿತ ತಪ್ಪು. ಹೊಸಗನ್ನಡದಲ್ಲಿ ಹಕಾರದಿಂದ ಶುರುವಾಗುವ ದೇಸಿ ಪದವನ್ನು ಪಕಾರದಲ್ಲಿ ಹುಡುಕಿ: ಹೇಳು – ಪೇೞ್, ಹಳೆಯ – ಪೞೆಯ, ಹೊಗಳು – ಪೊಗೞ್. ಪದದ ಬಾಲ ಕತ್ತರಿಸಿ: ‘ಪೇೞ್ದಂ’ ನಿಘಂಟಿನಲ್ಲಿಲ್ಲ, ‘ಪೇೞ್’ ಇದೆ. ಱ, ೞ ಇವನ್ನು ರ, ಳ ಎಂದು ತಿದ್ದಿಕೊಂಡು ಹುಡುಕಬೇಡಿ, ಅರ್ಥವೇ ಪಲ್ಲಟವಾಗುತ್ತದೆ. ‘ಅರಿ’ ಕತ್ತರಿಸು, ‘ಅಱಿ’ ತಿಳಿ. ‘ಬಾಳ್’ ಕತ್ತಿ, ‘ಬಾೞ್’ ಬದುಕು. ಯುದ್ಧದ ವರ್ಣನೆಯಲ್ಲಿ ಇದನ್ನು ಅದಲುಬದಲು ಮಾಡಿದರೆ ಏನಾಗುತ್ತದೆಂದು ನೀವೇ ಊಹಿಸಿ. ಅಗ್ಗದ ಮುದ್ರಣಗಳಲ್ಲಿ ಈ ಎರಡು ಅಕ್ಷರಗಳನ್ನು ಕೈಬಿಟ್ಟಿರುತ್ತಾರೆ, ಅಂಥ ಪ್ರತಿ ಕೊಳ್ಳಬೇಡಿ. 1894ರ ಕಿಟೆಲ್ ನಿಘಂಟು ಇವೆರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಪ್ರಯೋಗದ ಸಾಲುಗಳೂ ಬೇಕೆಂದರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ನೋಡಿ.

ಪ್ರಶ್ನೆ: ಆದಿಪುರಾಣದ ಭವಾವಳಿ (ಹಿಂದಿನ ಜನ್ಮಗಳ ಸರಣಿ) ಓದುವಾಗ ಯಾರು ಯಾರಾಗಿ ಹುಟ್ಟಿದರು ಎಂದು ಗೋಜಲಾಗುತ್ತದೆ. ಜೈನಧರ್ಮ ಗೊತ್ತಿಲ್ಲದವರು ಆ ಭಾಗ ಬಿಟ್ಟು ನೀಲಾಂಜನೆ, ಭರತ–ಬಾಹುಬಲಿ ಮಾತ್ರ ಓದಿದರೆ ಸಾಲದೇ?
— ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಪಠ್ಯಪುಸ್ತಕಗಳು ಮಾಡಿರುವುದು ಅದನ್ನೇ. ಸಾಲದು; ಕಾರಣ ಕಥೆಯಲ್ಲೇ ಇದೆ.

ಮೊದಲು ಒಂದು ಹಾಳೆ ಅಡ್ಡ ಇಟ್ಟು ಎರಡು ಸಾಲು ಎಳೆಯಿರಿ. ಮೇಲಿನ ಸಾಲಿನಲ್ಲಿ ಆದಿನಾಥನಾಗುವ ಜೀವ: ಜಯವರ್ಮ, ಮಹಾಬಲ, ಲಲಿತಾಂಗ ದೇವ, ವಜ್ರಜಂಘ, ಭೋಗಭೂಮಿಯ ಆರ್ಯ, ಶ್ರೀಧರ ದೇವ, ಸುವಿಧಿ, ಅಚ್ಯುತೇಂದ್ರ, ವಜ್ರನಾಭಿ, ಸರ್ವಾರ್ಥಸಿದ್ಧಿಯ ಅಹಮಿಂದ್ರ, ಕೊನೆಗೆ ವೃಷಭ. ಮನುಷ್ಯ, ದೇವ, ಮನುಷ್ಯ, ದೇವ ಎಂದು ಹೆಚ್ಚುಕಡಿಮೆ ಏರಿಳಿಯುತ್ತ ಹೋಗುವುದನ್ನು ಗಮನಿಸಿ. ಕೆಳಗಿನ ಸಾಲಿನಲ್ಲಿ ಜೊತೆಯ ಜೀವ: ಲಲಿತಾಂಗನ ಕೆಳಗೆ ಸ್ವಯಂಪ್ರಭೆ, ವಜ್ರಜಂಘನ ಕೆಳಗೆ ಶ್ರೀಮತಿ, ಹಾಗೇ ಮುಂದುವರಿದು ವೃಷಭನ ಕೆಳಗೆ ಹಸ್ತಿನಾಪುರದ ಶ್ರೇಯಾಂಸ. ಪ್ರತಿ ಹೆಸರಿನ ಪಕ್ಕ ಆಶ್ವಾಸದ (ಅಧ್ಯಾಯದ) ಸಂಖ್ಯೆ ಹಾಕಿ. ಕೃತಿಗೆ 16 ಆಶ್ವಾಸ. ಈ ಹಾಳೆ ಇಲ್ಲದೆ ಆರನೆಯದರ ಹೊತ್ತಿಗೆ ಯಾರಾದರೂ ಸೋಲುತ್ತಾರೆ.

ಈಗ ಎರಡು ಜಾಗಗಳನ್ನು ಒಟ್ಟಿಗೆ ಇಟ್ಟು ಓದಿ. ವಜ್ರಜಂಘ, ಶ್ರೀಮತಿ ದಾರಿಯಲ್ಲಿ ಇಬ್ಬರು ಚಾರಣ ಮುನಿಗಳಿಗೆ ಆಹಾರ ಕೊಡುತ್ತಾರೆ. ಮುಂದೆ ಒಂದು ರಾತ್ರಿ ಶಯ್ಯಾಗೃಹದಲ್ಲಿ ಧೂಪ ಹಾಕಿ, ಗವಾಕ್ಷ ತೆರೆಯಲು ಸೇವಕರು ಮರೆಯುತ್ತಾರೆ. ಹೊಗೆ ತುಂಬಿ, ತಬ್ಬಿಕೊಂಡಂತೆಯೇ ಇಬ್ಬರೂ ಸಾಯುತ್ತಾರೆ. ಭೋಗದ ಸಾಮಗ್ರಿಯೇ ಸಾವಿನ ಸಾಮಗ್ರಿಯಾದ ಈ ಪ್ರಸಂಗಕ್ಕೆ ನೀಲಾಂಜನೆಯ ನಾಟ್ಯಕ್ಕಿಂತ ಕಡಿಮೆ ಗಮನ ಸಿಕ್ಕಿರುವುದು ಅನ್ಯಾಯ. ಎಷ್ಟೋ ಜನ್ಮಗಳ ಆಮೇಲೆ ವೃಷಭ ಮುನಿಯಾಗಿ ಆರು ತಿಂಗಳು ಉಪವಾಸವಿದ್ದು ಊರಿಗೆ ಬರುತ್ತಾನೆ. ಮುನಿಗೆ ಭಿಕ್ಷೆ ಹೇಗೆ ಕೊಡಬೇಕೆಂದು ಜನಕ್ಕೆ ಗೊತ್ತಿಲ್ಲ. ಅವನೇ ಮೊದಲ ಮುನಿ. ಆನೆ ತರುತ್ತಾರೆ, ಒಡವೆ ತರುತ್ತಾರೆ, ಹೆಣ್ಣು ತರುತ್ತಾರೆ. ಅನ್ನ ಯಾರೂ ತರುವುದಿಲ್ಲ. ಅವನನ್ನು ನೋಡಿದ ಶ್ರೇಯಾಂಸನಿಗೆ ಮಾತ್ರ ಹಿಂದಿನ ಜನ್ಮದ ನೆನಪು ಮರುಕಳಿಸುತ್ತದೆ, ಮುನಿಗಳಿಗೆ ಆಹಾರ ಕೊಟ್ಟ ಆ ದಿನದ್ದು. ಕಬ್ಬಿನ ಹಾಲು ಎರೆಯುತ್ತಾನೆ. ಜೈನರು ಅಕ್ಷಯ ತೃತೀಯವನ್ನು ಇಂದಿಗೂ ಈ ದಾನದ ನೆನಪಿಗೆ ಆಚರಿಸುತ್ತಾರೆ. ಭವಾವಳಿ ಬಿಟ್ಟು ಓದಿದವರಿಗೆ ಶ್ರೇಯಾಂಸ ಒಬ್ಬ ದಾನಿ ಅಷ್ಟೆ. ಓದಿದವರಿಗೆ ಅದು ಶ್ರೀಮತಿಯ ಕೈ.

ಧರ್ಮದ ತಿಳಿವಳಿಕೆ ಎಷ್ಟು ಬೇಕು? ಪಂಚಕಲ್ಯಾಣಗಳ ಹೆಸರು (ಗರ್ಭಾವತರಣ, ಜನ್ಮಾಭಿಷೇಕ, ಪರಿನಿಷ್ಕ್ರಮಣ, ಕೇವಲಜ್ಞಾನ, ನಿರ್ವಾಣ) ಮತ್ತು ಒಂದು ಮೂಲಮಾತು: ಇಲ್ಲಿ ಸೃಷ್ಟಿಕರ್ತನಿಲ್ಲ, ಫಲ ಕೊಡುವವನೂ ಬೇರೆ ಯಾರೂ ಇಲ್ಲ, ಜೀವ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣುತ್ತದೆ. ಉತ್ತರಪತ್ರಿಕೆಗಳಲ್ಲಿ ‘ವಿಧಿಯಾಟದಿಂದ ನೀಲಾಂಜನೆ ಸತ್ತಳು’ ಎಂಬ ವಾಕ್ಯ ಪದೇಪದೇ ಬರುತ್ತದೆ. ದೇವಲೋಕದ ಆ ನರ್ತಕಿಯ ಆಯುಷ್ಯ ಮುಗಿದಿತ್ತು. ಅದನ್ನು ಬಲ್ಲ ಇಂದ್ರ ಬೇಕೆಂದೇ ಅವಳನ್ನು ವೃಷಭನ ಸಭೆಯಲ್ಲಿ ಕುಣಿಸಿದ, ಅವಳು ಮರೆಯಾದ ಕ್ಷಣದಲ್ಲೇ ಅದೇ ರೂಪದ ಇನ್ನೊಬ್ಬಳನ್ನು ನಿಲ್ಲಿಸಿದ. ತಾಳ ತಪ್ಪಲಿಲ್ಲ, ಸಭೆಗೆ ತಿಳಿಯಲಿಲ್ಲ, ವೃಷಭನೊಬ್ಬನಿಗೆ ತಿಳಿಯಿತು. ವಿಧಿ ಎಂದು ಬರೆದರೆ ಈ ದೃಶ್ಯದ ಹೂಟವೇ ಕಳಚಿಬೀಳುತ್ತದೆ. ಜಿನನು ವರ ಕೊಟ್ಟನು ಎಂದು ಬರೆಯುವುದೂ ಇದೇ ಜಾತಿಯ ತಪ್ಪು.

ಇನ್ನು ‘ಬೆಳಗುವೆನಿಲ್ಲಿ ಲೌಕಿಕಮನಲ್ಲಿ ಜಿನಾಗಮಮಂ’ (ಇಲ್ಲಿ ಲೌಕಿಕವನ್ನು, ಆದಿಪುರಾಣದಲ್ಲಿ ಜಿನಾಗಮವನ್ನು ಬೆಳಗುವೆನು) ಎಂದು ಪಂಪ ಭಾರತದಲ್ಲಿ ಹೇಳಿದ್ದನ್ನು ಹಿಡಿದು, ಎರಡು ಕೃತಿಗಳನ್ನು ಎರಡು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಲಲಿತಾಂಗ–ಸ್ವಯಂಪ್ರಭೆಯರ ಶೃಂಗಾರವನ್ನು ಬರೆದ ಕೈ ಲೌಕಿಕವನ್ನು ಹೊರಗೆ ಬಿಟ್ಟು ಬಂದಿರಲಿಲ್ಲ.

ಪ್ರಶ್ನೆ: ವಾಟ್ಸಾಪಿನಲ್ಲಿ ದಿನಕ್ಕೊಂದು ವಚನ ಬರುತ್ತದೆ. ಅದು ಬಸವಣ್ಣನವರದೇ ಎಂದು ಪತ್ತೆ ಮಾಡುವುದು ಹೇಗೆ? ಹನ್ನೆರಡನೆಯ ಶತಮಾನದ ಕನ್ನಡ ಇಷ್ಟು ಸುಲಭವಾಗಿ ಅರ್ಥವಾಗುವುದು ಹೇಗೆ?
— ಶಿಕ್ಷಣ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಕೊನೆಯಿಂದ ಓದಲು ಶುರುಮಾಡಿ. ವಚನಕ್ಕೆ ಕಂದದಂತೆ ಮಾತ್ರೆಯ ಕಾವಲಿಲ್ಲ, ಇರುವುದು ಅಂಕಿತದ, ಅಂದರೆ ಕೊನೆಯಲ್ಲಿ ಬರುವ ಮುದ್ರೆಯ ಹೆಸರಿನ, ಕಾವಲು. ‘ಕೂಡಲಸಂಗಮದೇವ’ ಬಸವಣ್ಣ, ‘ಕೂಡಲಚೆನ್ನಸಂಗಮದೇವ’ ಚೆನ್ನಬಸವಣ್ಣ. ನಡುವಿನ ‘ಚೆನ್ನ’ ಉದುರಿಹೋಗಿ ಸೋದರಳಿಯನ ವಚನ ಮಾವನ ಹೆಸರಿಗೆ ಹೋಗುವುದು ದಿನನಿತ್ಯದ ಕಥೆ. ಮಲ್ಲಿಕಾರ್ಜುನ ಕಂಡ ಕೂಡಲೇ ಅಕ್ಕ ಎನ್ನಬೇಡಿ: ಅಕ್ಕನದು ‘ಚೆನ್ನಮಲ್ಲಿಕಾರ್ಜುನ’, ಸಿದ್ಧರಾಮನದು ‘ಕಪಿಲಸಿದ್ಧಮಲ್ಲಿಕಾರ್ಜುನ’, ಮೋಳಿಗೆ ಮಾರಯ್ಯನದು ‘ನಿಃಕಳಂಕಮಲ್ಲಿಕಾರ್ಜುನ’. ಅಂಬಿಗರ ಚೌಡಯ್ಯ ಮಾತ್ರ ದೇವರ ಹೆಸರಿನ ಗೊಡವೆಗೆ ಹೋಗದೆ ತನ್ನ ಹೆಸರನ್ನೇ ಹಾಕಿದ.

ಅಂಕಿತ ಹೊಂದಿತು ಎಂದರೆ ಅರ್ಧ ಕೆಲಸ. ಅಂಕಿತವನ್ನು ಯಾರು ಬೇಕಾದರೂ ಅಂಟಿಸಬಹುದು. ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು 15 ಇವೆ. ವಚನದ ಮೊದಲ ಸಾಲು ಹಿಡಿದು ಅಕಾರಾದಿಯಲ್ಲಿ ಹುಡುಕಿ. ಅಲ್ಲಿ ಇಲ್ಲವೆಂದರೆ ಹಂಚಬೇಡಿ. ಇದ್ದರೆ ಸಾಲುಗಳನ್ನು ಹೋಲಿಸಿ. ಫೋನಿನಲ್ಲಿ ಬರುವವುಗಳಲ್ಲಿ ನಡುವಿನ ಒರಟು ಮಾತು ತೆಗೆದು ನಯ ಮಾಡಿರುತ್ತಾರೆ.

ಭಾಷೆ ಸುಲಭವಾಗಿರುವುದಕ್ಕೆ ವಚನಕಾರರು ಜನರ ನುಡಿಯಲ್ಲಿ ಬರೆದದ್ದು ಒಂದು ಕಾರಣ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ನಮಗೆ ಸಿಕ್ಕಿರುವ ಓಲೆಗರಿಗಳು ಬಹುಪಾಲು ಹದಿನೈದನೆಯ ಶತಮಾನ ಮತ್ತು ಅದರಿಂದೀಚೆಗಿನವು. ಪ್ರತಿ ಮಾಡಿದವರು ತಮ್ಮ ಕಾಲದ ಉಚ್ಚಾರಣೆಯಲ್ಲಿ ಬರೆದರು, ಪಕಾರ ಹಕಾರವಾಯಿತು. ಹಾಗಾಗಿ ವಚನದ ಸಾಲು ತೋರಿಸಿ ‘1160ರಲ್ಲಿ ಕನ್ನಡ ಹೀಗಿತ್ತು’ ಎಂದು ಪ್ರಬಂಧ ಬರೆಯಬೇಡಿ. ಅದಕ್ಕೆ ಅದೇ ಕಾಲದ ಶಾಸನ ಬೇಕು. ಕಲ್ಲನ್ನು ಪ್ರತಿ ಮಾಡುವವರು ತಿದ್ದಲಾರರು. ಬಸವಣ್ಣನವರ ವಿಷಯಕ್ಕೂ ಶಾಸನ ಬೇಕೆಂದರೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ನೋಡಿ, ಅವರ ಮನೆತನದ ಹೆಸರುಗಳು ಬರುತ್ತವೆ.

ಪ್ರಶ್ನೆ: ಅಶೋಕನ ಮಸ್ಕಿ ಶಾಸನ ಕನ್ನಡದ ಮೊದಲ ಶಾಸನವೇ?
— ಪಿಯುಸಿ ವಿದ್ಯಾರ್ಥಿ, ಸಿಂಧನೂರು

ಉತ್ತರ: ಅಲ್ಲ. ಕರ್ನಾಟಕದಲ್ಲಿದೆ, ಕನ್ನಡದಲ್ಲಿಲ್ಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 1915ರಲ್ಲಿ ಸಿಕ್ಕಾಗ ಅದು ದೊಡ್ಡ ಸುದ್ದಿಯಾದದ್ದು ‘ದೇವಾನಂಪಿಯ’ ಎಂಬ ಬಿರುದಿನ ಜೊತೆ ‘ಅಸೋಕ’ ಎಂಬ ಹೆಸರೂ ಇದ್ದುದರಿಂದ. ಆ ಹೆಸರು ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಇನ್ನೂ ಸ್ವಾರಸ್ಯ ಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಿ. ಅಲ್ಲಿನ ಲಿಪಿಕಾರ ಚಪಡ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕರ ಎನ್ನುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ. ಕನ್ನಡದ ಪೂರ್ಣ ಪಾಠದ ಮಾತು ಬಂದಾಗ ಎಲ್ಲರೂ ಹೆಸರಿಸುವುದು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು 450, 16 ಸಾಲು. ‘ಸುಮಾರು’ ಏಕೆಂದರೆ ಅದರಲ್ಲಿ ಶಕವರ್ಷವಿಲ್ಲ. ಮೊದಲ ಪ್ರಶ್ನೆಯ ಲೆಕ್ಕ ಅಲ್ಲಿ ನಡೆಯದು, ಲಿಪಿ ಮತ್ತು ರಾಜನ ಹೆಸರೇ ದಿಕ್ಕು.

ಪ್ರಶ್ನೆ: ರಜೆಯ ಎರಡು ತಿಂಗಳಲ್ಲಿ ಹಳಗನ್ನಡ ಶುರುಮಾಡಬೇಕೆಂದಿದ್ದೇನೆ. ಎಲ್ಲಿಂದ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಪಂಪನಿಂದ ಬೇಡ. ಬಾದಾಮಿಯ ಕಪ್ಪೆ ಅರಭಟ್ಟನ ತ್ರಿಪದಿಯಿಂದ ಶುರುಮಾಡಿ, ಸುಮಾರು 700ರದ್ದು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಒಂದು ದಿನದ ಕೆಲಸ. ಆಮೇಲೆ ವಡ್ಡಾರಾಧನೆ. ಅದು ಗದ್ಯ, 19 ಕಥೆ, ಮಾತ್ರೆಯ ತಂಟೆಯಿಲ್ಲ. ಸುಕುಮಾರಸ್ವಾಮಿಯ ಕಥೆ ಮೊದಲನೆಯದೇ ಆದರೂ ಉದ್ದ, ಕಥೆಯೊಳಗೆ ಕಥೆ. ಬೇಸರವಾದರೆ ಚಿಕ್ಕದೊಂದನ್ನು ಆರಿಸಿಕೊಳ್ಳಿ. ದಿನಕ್ಕೆ ಒಂದು ಪುಟ, ಜೋರಾಗಿ ಎರಡು ಸಲ. ಮೂರು ವಾರಕ್ಕೆ ವಿಭಕ್ತಿ, ಕ್ರಿಯಾರೂಪಗಳು ಕಿವಿಗೆ ಹತ್ತುತ್ತವೆ. ಆಮೇಲೆ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗ, ದಿನಕ್ಕೆ ನಾಲ್ಕು ಪದ್ಯ. ಮೊದಲು ಪ್ರಸ್ತಾರ, ಆಮೇಲೆ ಪದವಿಭಾಗ, ಆಮೇಲೆ ಕ್ರಿಯಾಪದ ಹುಡುಕಿ ಅನ್ವಯ, ನಾಲ್ಕನೆಯದಾಗಿ ನಿಘಂಟು. ಸಾರಾಂಶದ ಪುಸ್ತಕ ಐದನೆಯದು. ಅದನ್ನು ಮೊದಲು ತೆರೆದರೆ ಉಳಿದ ನಾಲ್ಕನ್ನು ಮಾಡಲು ಮನಸ್ಸು ಬರುವುದಿಲ್ಲ. ಮೇಜಿನ ಮೇಲೂ ಇಡಬೇಡಿ.